ಖಾಸೀಂಬಿಯ ಒಣ ಹಿತ್ತಲು

ದೀಪಾವಳಿ ದಾಟಿತೆಂದರೆ ಸರಸಂಬಾ ಊರಿನ ನಾವೆಲ್ಲ ಹಿತ್ತಲಿನ ಒಣಗಿದ ಗಿಡ ಕಿತ್ತು ನೀರೊಲೆಗೆ ಹಾಕುತ್ತೇವೆ. ನನ್ನ ಪಕ್ಕದ ಮನೆಯ ಖಾಸೀಂಬಿ ಚಾಚಿ ಮಾತ್ರ ಎಳ್ಳಮಾವಾಸ್ಯೆವರೆಗೆ ಒಂದು ಕಡ್ಡಿ ಮುಟ್ಟಗೊಡುವುದಿಲ್ಲ. ಐದು ಸೀಳಾಗಿ ಬಾಯಿಬಿಟ್ಟ ಬೆಂಡೆಕಾಯಿ, ತಾಮ್ರದ ಬಣ್ಣಕ್ಕೆ ತಿರುಗಿದ ಪುಂಡಿಸೊಪ್ಪಿನ ಗಿಡ, ಬಳ್ಳಿಯಲ್ಲೇ ನಾರಾದ ಹೀರೆಕಾಯಿ, ಎಲ್ಲ ಹಾಗೇ ನಿಂತಿರಬೇಕು. ಚಹಾ ಬಸಿ ಹಿಡಿದು ಅವುಗಳ ಮುಂದೆ ಕೂತಳೆಂದರೆ ಮುಗಿಯಿತು. ತವರು ಅಫಜಲಪುರದಲ್ಲಿ ತನ್ನ ಅಮ್ಮಿಯ ಜೊತೆ ಹೀಗೇ ಕೂರುತ್ತಿದ್ದಳಂತೆ. ಅದನ್ನು ಹೇಳುವಾಗ ಆಕೆಯ ದನಿ ಹುಡುಗಿಯದಾಗುತ್ತದೆ. ಹಾವು ಚೇಳು ಸೇರುತ್ತವೆಂದು ಮೂವತ್ತು ವರ್ಷ ಜಗಳಾಡಿದ್ದೇನೆ, ಮೂವತ್ತು ವರ್ಷವೂ ಸೋತಿದ್ದೇನೆ.

ಸೋತವಳಿಗೆ ಸಿಕ್ಕಿದ್ದೇನು ಕಡಿಮೆಯೇ? ನನ್ನ ಎರಡೂ ಬಾಣಂತನದಲ್ಲಿ ಅದೇ ಹೀರೆಯ ನಾರಿನಿಂದ ಬೆನ್ನುಜ್ಜಿ ನೀರು ಹಾಕಿದವಳು ಆಕೆ. ಆ ಬಿಸಿನೀರು, ಆ ಕೈ ನೆನೆದರೆ ಇವತ್ತಿಗೂ ಮೈ ಹಗುರಾಗುತ್ತದೆ.

ಮೂರು ವರ್ಷದ ಹಿಂದೆ ಆಕೆಯ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಹೆದರಿ ಕೂತಿದ್ದವಳು ಈ ಕಾರ್ತಿಕದಲ್ಲಿ ತಾನಾಗಿಯೇ ಹಟ ಹಿಡಿದು ಮಗ ಅಲ್ತಾಫನ ಜೊತೆ ಕಲಬುರಗಿಗೆ ಹೋದಳು. ಕಣ್ಣು ತೆರೆದು ಮೊದಲು ನೋಡುವುದು ಚೊಕ್ಕ ಹಿತ್ತಲಾಗಿರಲಿ ಎಂದು ಜಾಣೆಯಾದ ನಾನು, ಆಕೆ ಬರುವುದರೊಳಗೆ ಎಲ್ಲ ಕಿತ್ತು ತಿಪ್ಪೆಗೆಸೆದು, ಗುಡಿಸಿ, ನೀರು ಚಿಮುಕಿಸಿ ಇಟ್ಟೆ.

ಕಪ್ಪು ಕನ್ನಡಕದಲ್ಲಿ ಬಂದ ಚಾಚಿ ನೇರ ಹಿತ್ತಲಿಗೇ ನಡೆದಳು. ಬಯಲಾದ ನೆಲದ ಮುಂದೆ ನಿಂತೇಬಿಟ್ಟಳು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ.

“ಮೂರು ವರ್ಷ ಬರೀ ಕೈಲೆ ಮುಟ್ಟಿ ನೋಡೇನಿ, ಭುವನಾ. ಈ ಸಲ ಕಣ್ಣೀಲೆ ನೋಡಬೇಕಂತ್ಲೇ ಆಪರೇಷನ್ ಮಾಡಿಸ್ಕೊಂಡೇನಿ,” ಎಂದಳು.

ತಿಪ್ಪೆಗೆ ಓಡಿ, ಮುರಿಯದೆ ಉಳಿದ ಗಿಡಗಳನ್ನು ಆರಿಸಿ ತಂದು ಒಂದೊಂದೇ ನೆಲಕ್ಕೆ ಊರಿ ನಿಲ್ಲಿಸಿದೆ. ಅವಸರದಲ್ಲಿ ಪುಂಡಿಯ ಜಾಗಕ್ಕೆ ಬೆಂಡೆ, ಬೆಂಡೆಯ ಜಾಗಕ್ಕೆ ಪುಂಡಿ. ಚಾಚಿ ಕಟ್ಟೆಗೆ ಕೂತು ಪ್ರತಿಯೊಂದನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ಮುಖವನ್ನೇ ನೋಡಿದಳು.

“ನಿನ್ನ ಕೂದಲಾನೂ ಎಲ್ಲಾ ಬೆಳ್ಳಗಾಗ್ಯಾವಲ್ಲಬೇ. ಎಷ್ಟ ಛಂದ ಕಾಣಾಕತ್ತಿ.”

ನಾಚಿ ಸೆರಗು ತಲೆಗೆಳೆದುಕೊಂಡೆ. ಚಾಚಿ ಅದನ್ನು ಮೆಲ್ಲಗೆ ಸರಿಸಿ ಮತ್ತೆ ನೋಡತೊಡಗಿದಳು.