ಕೈ ನಿಂತ ಜಾಗ

ಯಾರಾದರೂ ನನ್ನ ಬರಹವನ್ನೋ ಭಾಷಣವನ್ನೋ ಹೊಗಳಿದರೆ ನಾನು ಅವರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಇದೊಂದು ಕೆಟ್ಟ ಚಾಳಿ ಎಂದು ನನ್ನ ಹೆಂಡತಿ ಬಹಳ ಸಲ ಹೇಳಿದ್ದಾಳೆ. ಎದುರಿಗೆ ನಿಂತವರು ಪಾಪ, ಇವನು ಉಂಗುರ ನೋಡುತ್ತಿದ್ದಾನೋ ಗಡಿಯಾರ ನೋಡುತ್ತಿದ್ದಾನೋ ತಿಳಿಯದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಆದರೆ ಈ ಚಾಳಿಗೆ ಒಂದು ಕಾರಣವಿದೆ, ಆ ಕಾರಣಕ್ಕೆ ಒಂದು ಮೊದಲ ಬಹುಮಾನವೂ ಬಂದಿದೆ. ಹಾಗಾಗಿ ಸದ್ಯಕ್ಕೆ ಬಿಡುವ ಯೋಚನೆಯಿಲ್ಲ.

ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ನಮ್ಮ ಕಡೆ ಮೇಷ್ಟ್ರಾದವನಿಗೆ ಯಾರೂ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. "ಚೆನ್ನಾಗಿದೆ ಸಾ" ಎನ್ನುತ್ತಾರೆ. ಉಪ್ಪು ಮರೆತ ಮದುವೆ ಮನೆಯ ಸಾರಿಗೆ, ಪಕ್ಕದ ಮನೆಯವರು ಗೋಡೆಗೆ ಬಳಿಸಿದ ಗಿಳಿಹಸಿರು ಬಣ್ಣಕ್ಕೆ, ಎರಡು ಗಂಟೆ ನಡೆದ ಸ್ವಾಗತ ಭಾಷಣಕ್ಕೆ, ಎಲ್ಲಕ್ಕೂ ಅದೇ ಮಾತು. ಎದುರಿಗಿರುವವನ ಮನಸ್ಸು ನೋಯಿಸಬಾರದೆಂಬ ಸಂಕೋಚ ನಮ್ಮ ನೀರಿನಲ್ಲೇ ಇದೆ. ಸಹೃದಯನಾದವನಿಗೆ ರೋಮಾಂಚವಾಗುತ್ತದೆ ಎಂದು ನಾನೇ ಪ್ರತಿ ವರ್ಷ ಕಾವ್ಯಮೀಮಾಂಸೆಯ ಪಾಠ ಮಾಡುತ್ತೇನೆ. ಆದರೆ ತುಂಬುತೋಳಿನ ಅಂಗಿ ತೊಟ್ಟ ಸಹೃದಯನ ರೋಮಾಂಚವನ್ನು ಕವಿ ಎಲ್ಲಿಂದ ನೋಡಬೇಕು ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರ ಸಿಕ್ಕಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಳ್ಳಿಯ ಮದುವೆಗಳಿಗೂ ವಿಡಿಯೋ ಕ್ಯಾಮೆರಾ ಬಂದಿತ್ತು. ಹಾಸನದಲ್ಲಿ ಕಾಲೇಜು ಮಕ್ಕಳಿಗಾಗಿ ಒಂದು ವಿಡಿಯೋ ಹಾಡಿನ ಸ್ಪರ್ಧೆ ಶುರುವಾಯಿತು. ಹಾಡು ಮಕ್ಕಳದೇ ಆಗಿರಬೇಕು, ಚಿತ್ರೀಕರಣವೂ ಅವರದೇ. ನಮ್ಮಲ್ಲಿ ಸವಿತಾ ಎಂಬ ಹುಡುಗಿ ಇದ್ದಳು. ಕಟ್ಟಾಯದ ರೈತರ ಮನೆಯವಳು, ಬಿ.ಎ. ಎರಡನೇ ವರ್ಷ. ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ ಹಾಡುತ್ತಿದ್ದಳು. ಅವಳ ಗಂಟಲಲ್ಲಿ ಹೊಲದ ಬದುವಿನ ಮೇಲಿಂದ ಕೂಗಿ ಕರೆಯುವವರ ಬನಿ ಇತ್ತು. ಯೋಗೇಶ ಎಂಬ ಹುಡುಗನ ಚಿಕ್ಕಪ್ಪ ಚನ್ನರಾಯಪಟ್ಟಣದಲ್ಲಿ ಮದುವೆ ವಿಡಿಯೋ ತೆಗೆಯುವವರು, ಆದ್ದರಿಂದ ಕ್ಯಾಮೆರಾಗೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಯೋಜನೆ ಹಾಕುವವನದು ಮಾತ್ರ. ಆ ಜಾಗಕ್ಕೆ ಯಾರೂ ಕರೆಯದೆ ನಾನು ಹೋಗಿ ಕುಳಿತೆ.

ಹೊಯ್ಸಳರ ನಾಡಿನಲ್ಲಿ ಹುಟ್ಟಿ ಶಿಲ್ಪವಿಲ್ಲದೆ ವಿಡಿಯೋ ತೆಗೆಯುವುದುಂಟೆ? ಮಕ್ಕಳನ್ನು ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಕರೆದುಕೊಂಡು ಹೋದೆ. ಅಲ್ಲಿನ ಜೋಡಿ ದೇವಾಲಯಗಳ ಗೋಡೆಯ ಮೇಲೆ ನನಗೆ ಪ್ರಿಯವಾದ ಹದಿನೇಳು ಶಿಲ್ಪಗಳಿವೆ, ಹದಿನೇಳನ್ನೂ ಹಾಡಿನೊಳಗೆ ತುರುಕಿದೆ. ಯೋಗೇಶನ ಚಿಕ್ಕಪ್ಪ ತಮ್ಮ ಪಾಲಿನ ಸೇವೆಯಾಗಿ ಸವಿತಾಳ ಮುಖವನ್ನು ಹೃದಯದ ಆಕಾರದೊಳಗಿಟ್ಟು, ಆ ಹೃದಯವನ್ನು ಒಂದು ಗುಲಾಬಿಯೊಳಗಿಟ್ಟು, ಗುಲಾಬಿಯನ್ನು ಗರಗರ ತಿರುಗಿಸಿದರು. ಊರಿನವರಿಗೆಲ್ಲ ತೋರಿಸಿದೆವು. ಚೆನ್ನಾಗಿದೆ ಸಾ ಎಂದರು.

ಹಾಸನದ ಸಭಾಂಗಣದಲ್ಲಿ ಗುಲಾಬಿ ತಿರುಗತೊಡಗಿದ ಕೂಡಲೇ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೂ ನಗು ಎದ್ದಿತು. ಅಷ್ಟು ಒಳ್ಳೆಯ ಹಾಡು ಯಾರ ಕಿವಿಗೂ ಬೀಳಲಿಲ್ಲ. ಹೊರಗೆ ಬಂದಾಗ ಸವಿತಾ ಅಳಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ, "ಇನ್ಮ್ಯಾಕೆ ನಾನು ಆಡಕಿಲ್ಲ ಸಾ" ಎಂದಳು. ನಗು ನನ್ನ ಯೋಜನೆಗೆ ಬಂದದ್ದು, ಅದನ್ನು ಮುಖದ ಮೇಲೆ ಹೊತ್ತವಳು ಅವಳು. ಆಮೇಲೆ ಒಂದು ವರ್ಷ ಕಾಲೇಜಿನಲ್ಲಿ ಅವಳ ದನಿ ಪ್ರಾರ್ಥನೆಗೂ ಏಳಲಿಲ್ಲ.

ಮರುವರ್ಷ ಸ್ಪರ್ಧೆಯ ಸುತ್ತೋಲೆ ಬಂದಾಗ ಅದರಲ್ಲೊಂದು ಹೊಸ ನಿಯಮವಿತ್ತು. ಮೊದಲು ಕಚ್ಚಾ ರೂಪವೊಂದನ್ನು ತಯಾರಿಸಿ, ಪ್ರೇಕ್ಷಕರಿಗೆ ತೋರಿಸಿ, ಅವರ ಅಭಿಪ್ರಾಯದಂತೆ ತಿದ್ದಿ, ತಿದ್ದಿದ್ದರ ವರದಿಯನ್ನೂ ಲಗತ್ತಿಸಬೇಕು. ನಾನು ಸುತ್ತೋಲೆ ಹಿಡಿದು ಸವಿತಾಳ ಹತ್ತಿರ ಹೋದೆ. ಅವಳಿಗದು ಕಾಲೇಜಿನ ಕೊನೆಯ ವರ್ಷ, ಆ ವೇದಿಕೆಗೆ ಹೋಗಲು ಕೊನೆಯ ಸಲ. ಕಾಗದ ಓದಿ, "ಮೊದ್ಲು ಇಲ್ಲಿ ಜನುಕ್ಕೆ ತೋರ್ಸನ ಸಾ. ನಗಂಗಿದ್ರೆ ಇಲ್ಲೇ ನಗ್ಲಿ. ಆಸನಕ್ಕೋಗಿ ಇನ್ನೊಂದಪ ನಗುಸ್ಕಳಕೆ ನನ್ ಕೈಲಾಗಕಿಲ್ಲ" ಎಂದಳು. ನಾನು ಒಪ್ಪಿದೆ.

ಒಪ್ಪಿದ್ದೇನೋ ಸರಿ, ಆದರೆ ಅಭಿಪ್ರಾಯ ಕೇಳುವುದು ಹೇಗೆ? ನನಗೆ ಕೇಳಲು ಗೊತ್ತಿದ್ದದ್ದು ಒಂದೇ ವಿಧ. ಪ್ರಶ್ನೆಪತ್ರಿಕೆ ತಯಾರಿಸಿದೆ. ಹತ್ತು ಪ್ರಶ್ನೆಗಳು, ಯಾವುದಾದರೂ ಐದಕ್ಕೆ ಉತ್ತರಿಸಿ, ಕೊನೆಯದು ಕಡ್ಡಾಯ. ಈ ಸಲದ ಕಚ್ಚಾ ವಿಡಿಯೋದಲ್ಲಿ ಗುಲಾಬಿ ಇರಲಿಲ್ಲ, ಶಿಲ್ಪಗಳನ್ನು ಒಂಬತ್ತಕ್ಕೆ ಇಳಿಸಿದ್ದೆ. ಉಳಿದ ಜಾಗದಲ್ಲಿ ಹೇಮಾವತಿಯ ದಂಡೆಯ ಮೇಲೆ ಕೈಯಲ್ಲೊಂದು ಪುಸ್ತಕ ಹಿಡಿದು ಚಿಂತಿಸುತ್ತಾ ನಡೆಯುವ ಒಬ್ಬ ವ್ಯಕ್ತಿ ಬರುತ್ತಿದ್ದ. ಆ ವ್ಯಕ್ತಿ ಯಾರೆಂದು ನಾನು ಹೇಳಬೇಕಾಗಿಲ್ಲ.

ಹೊಳೆನರಸೀಪುರದಲ್ಲಿ, ಚನ್ನರಾಯಪಟ್ಟಣದಲ್ಲಿ ತೋರಿಸಿ ಕಟ್ಟುಗಟ್ಟಲೆ ಉತ್ತರ ತಂದೆವು. ಕೆಲವರು ಅಭ್ಯಾಸಬಲದಿಂದ ಮೇಲೆ ನೋಂದಣಿ ಸಂಖ್ಯೆ ಬರೆಯಲು ಗೆರೆ ಎಳೆದಿದ್ದರು. ಒಬ್ಬರು ಎರಡನೇ ಪ್ರಶ್ನೆಯಿಂದ ಹತ್ತನೆಯದರವರೆಗೂ "ಮೇಲಿನಂತೆ" ಎಂದು ಬರೆದಿದ್ದರು. ಇಬ್ಬರು ಹೆಂಗಸರು ಪಕ್ಕದವರದನ್ನು ನೋಡಿ ಬರೆದು ಸಿಕ್ಕಿಬಿದ್ದರು. ಎಲ್ಲರ ಉತ್ತರವೂ ಒಂದೇ, ತುಂಬಾ ಚೆನ್ನಾಗಿದೆ. ಪುಸ್ತಕ ಹಿಡಿದ ವ್ಯಕ್ತಿಯ ಅಭಿನಯಕ್ಕೆ ವಿಶೇಷ ಪ್ರಶಂಸೆಯೂ ಇತ್ತು. ಉತ್ತರ ಬರೆಯುವಾಗ ಆ ವ್ಯಕ್ತಿ ಕೋಣೆಯಲ್ಲಿ ಮೇಲ್ವಿಚಾರಕನಂತೆ ಓಡಾಡುತ್ತಿದ್ದನೆಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಿಗ್ಗಿ ಹೋಗಿ ಕಟ್ಟನ್ನು ಸವಿತಾಳ ಮುಂದಿಟ್ಟೆ. ಅವಳು ನಾಲ್ಕೈದು ಹಾಳೆ ತಿರುವಿ, "ಓದ್ವರ್ಸಾನೂ ಇಂಗೇ ಅಂದಿದ್ರು ಸಾ" ಎಂದಳು. ನನ್ನ ಹಿಗ್ಗು ಅಲ್ಲಿಗೇ ಇಳಿಯಿತು.

ಉಳಿದದ್ದು ಅರಕಲಗೂಡು. ಅಲ್ಲಿ ನನ್ನ ಸೋದರತ್ತೆ ಇದ್ದಾರೆ. ಹುಟ್ಟಿದ್ದು ರುದ್ರಪಟ್ಟಣದಲ್ಲಿ. ಆ ಊರಿನ ಮಕ್ಕಳು ಮಾತಿಗಿಂತ ಮೊದಲು ತಾಳ ಕಲಿಯುತ್ತಾರೆ ಎನ್ನುವುದು ಸುಳ್ಳಾದರೂ ಅತ್ತೆಯ ಮಟ್ಟಿಗೆ ನಿಜ. ಸಂಗೀತದ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುವವರಲ್ಲ ಎಂದು ನಂಬಿ, ಒಂದು ಮಧ್ಯಾಹ್ನ ಮಕ್ಕಳೊಂದಿಗೆ ಹೋದೆ. ಅವರೆಕಾಯಿಯ ಕಾಲ. ನಡುಮನೆಯಲ್ಲಿ ಅತ್ತೆಯೂ ಅಕ್ಕಪಕ್ಕದ ಮನೆಯ ಐದಾರು ಹೆಂಗಸರೂ ಸುತ್ತ ಕುಳಿತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ನಡುವೆ ಎರಡು ಪಾತ್ರೆ, ಒಂದಕ್ಕೆ ಬೇಳೆ, ಒಂದಕ್ಕೆ ಸಿಪ್ಪೆ. ನಮ್ಮ ಕಡೆಯ ಹೆಂಗಸರು ಈ ಕೆಲಸವನ್ನು ಕಣ್ಣಿನಿಂದ ಮಾಡುವುದಿಲ್ಲ. ಊರಿನ ಸುದ್ದಿಯೆಲ್ಲ ಬಾಯಲ್ಲಿ ಹರಿಯುತ್ತಿರುತ್ತದೆ, ಕೈ ತನ್ನಷ್ಟಕ್ಕೆ ಹಿತುಕುತ್ತಿರುತ್ತದೆ.

ಯೋಗೇಶ ಕ್ಯಾಮೆರಾದ ವೈರನ್ನು ಟಿ.ವಿ.ಗೆ ಸಿಕ್ಕಿಸಿದ. ಸವಿತಾಗೆ ಸುಮ್ಮನೆ ಕುಳಿತು ಗೊತ್ತಿಲ್ಲ, ತಾನೂ ಒಂದು ಹಿಡಿ ಕಾಳು ಎಳೆದುಕೊಂಡಳು. ಹಾಡು ಮುಗಿದಾಗ ನಾನು ಆಸೆಯಿಂದ ಅತ್ತೆಯ ಮುಖ ನೋಡಿದೆ. "ಚೆನ್ನಾಗಿದೆ ಕಣೋ" ಎಂದರು ಅತ್ತೆ. ರುದ್ರಪಟ್ಟಣವೂ ಕೈಕೊಟ್ಟಿತಲ್ಲ ಎಂದು ನಾನು ಎದ್ದೆ. ಆಗ ಸವಿತಾ ನನ್ನ ಹತ್ತಿರ ಬಂದು ಮೆಲ್ಲಗೆ, "ಸಾ, ಇನ್ನೊಂದಪ ಆಕ್ಸಿ. ನೀವು ಮಕ ನೋಡಬ್ಯಾಡಿ, ಕೈ ನೋಡಿ" ಎಂದಳು.

ಎರಡನೇ ಸಲ ಹಾಕಿಸಿ ಕೈ ನೋಡಿದೆ. ಶಿಲ್ಪಗಳು ಬಂದವು. ಏಳು ಜನರ ಬೆರಳೂ ಒಂದೇ ಸಮ ಹಿತುಕುತ್ತಿದ್ದವು, ಬೇಳೆ ಪಟಪಟ ಬೀಳುತ್ತಿತ್ತು. ಹೇಮಾವತಿಯ ದಂಡೆ ಬಂತು, ಪುಸ್ತಕ ಹಿಡಿದ ವ್ಯಕ್ತಿ ಚಿಂತಿಸುತ್ತಾ ನಡೆದ. ಬೆರಳುಗಳ ವೇಗ ಇನ್ನಷ್ಟು ಹೆಚ್ಚಿತು, ಆ ಅರ್ಧ ನಿಮಿಷದಲ್ಲಿ ಒಂದು ಹೊತ್ತಿನ ಸಾರಿಗಾಗುವಷ್ಟು ಬೇಳೆ ತಯಾರಾಯಿತು. ಆಮೇಲೆ ಕೊನೆಗೆ, ತೆಗೆದುಹಾಕಲು ಯೋಗೇಶ ಮರೆತಿದ್ದ ಒಂದು ತುಣುಕು ಬಂತು. ಕಟ್ಟಾಯದಲ್ಲಿ ಸವಿತಾಳ ಮನೆಯ ಜಗುಲಿ. ಅವಳೂ ಅವಳ ಅವ್ವನೂ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಾರೆ. ಅವಳು ಹಾಡಿನ ಒಂದು ಸಾಲು ಗುನುಗುತ್ತಾಳೆ. ಅವ್ವ ತಲೆ ಎತ್ತದೆ, "ಅಂಗಲ್ಲ ಕಣವ್ವ, ಇಂಗೆ" ಎಂದು ಅದನ್ನೇ ಒಂಚೂರು ತಗ್ಗಿಸಿ ಹಾಡಿ ತೋರಿಸುತ್ತಾಳೆ. ಇಬ್ಬರೂ ನಗುತ್ತಾರೆ. ಕ್ಯಾಮೆರಾ ನಿಂತಿದೆ ಎಂದು ತಿಳಿದಿದ್ದರು ಪಾಪ.

ನಡುಮನೆಯಲ್ಲಿ ಏಳು ಜೊತೆ ಕೈಗಳೂ ನಿಂತುಬಿಟ್ಟಿದ್ದವು. ಅತ್ತೆಯ ಕೈ ಮಾತ್ರ ಆಮೇಲೆ ಅಲ್ಲಾಡಿತು, ಅಲ್ಲಾಡಿ ಬೇಳೆಯನ್ನು ಸಿಪ್ಪೆಯ ಪಾತ್ರೆಗೂ ಸಿಪ್ಪೆಯನ್ನು ಬೇಳೆಯ ಪಾತ್ರೆಗೂ ಹಾಕಿತು. ಅರವತ್ತು ವರ್ಷ ಅವರೆಕಾಳು ಹಿತುಕಿದ ಕೈ ಅದು. ಇಲ್ಲಿ ಏಕೆ ನಿಲ್ಲಿಸಿದಿರಿ ಎಂದು ಕೇಳಿದರೆ, ತಾವು ನಿಲ್ಲಿಸಿದ್ದೇ ಅವರಿಗೆ ಗೊತ್ತಿರಲಿಲ್ಲ. ಸಿಪ್ಪೆಯೊಳಗಿನ ಬೇಳೆ ಹೆಕ್ಕುತ್ತಾ ಅತ್ತೆ, "ಅಲ್ಲಿ ಅವರು ಹಾಡ್ತಿದಾರೆ ಕಣೋ. ಮಿಕ್ಕಿದ್ದರಲ್ಲೆಲ್ಲ ನೀನು ಹಾಡಿಸ್ತಿದೀಯ" ಎಂದರು.

ಪ್ರಶ್ನೆಪತ್ರಿಕೆ ಆವತ್ತೇ ಅತ್ತೆಯ ಮನೆಯ ನೀರೊಲೆಗೆ ಹೋಯಿತು. ಮುಂದಿನ ಎರಡು ವಾರ ನಾವು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚನ್ನರಾಯಪಟ್ಟಣದಲ್ಲಿ ಹೂ ಕಟ್ಟುವವರ ಮುಂದೆ, ಹೊಳೆನರಸೀಪುರದಲ್ಲಿ ಬೀಡಿ ಸುತ್ತುವವರ ಮುಂದೆ, ಕಟ್ಟಾಯದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವವರ ಮುಂದೆ ಟಿ.ವಿ. ಇಟ್ಟು ತೋರಿಸಿ, ಹಿಂದೆ ಕುಳಿತು ಕೈ ನೋಡಿದೆವು. ಸವಿತಾ ಒಂದು ನೋಟ್‌ಬುಕ್ಕಿನಲ್ಲಿ "ಕೈ ನಿಂತ ಜಾಗ" ಎಂದು ತಲೆಬರಹ ಕೊಟ್ಟು ಬರೆದುಕೊಂಡಳು. ಬಾಯಿ ಎಲ್ಲ ಕಡೆಯೂ ಚೆನ್ನಾಗಿದೆ ಎಂದಿತು. ಕೈ ಎಲ್ಲ ಕಡೆಯೂ ಅದೊಂದೇ ಜಗುಲಿಯ ಹತ್ತಿರ ನಿಂತಿತು. ಶಿಲ್ಪಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟೆ. ಪುಸ್ತಕ ಹಿಡಿದ ವ್ಯಕ್ತಿಯನ್ನು ಬಿಡುವುದು ಕಷ್ಟವಾಯಿತು, ಬೀಡಿ ಸುತ್ತುವವರ ವೇಗ ನೋಡಿದ ಮೇಲೆ ಅವನನ್ನೂ ಬಿಟ್ಟೆ.

ಹೊಸ ಯೋಜನೆ ಇಷ್ಟೇ ಆಯಿತು. ಜಗುಲಿ, ಮೊರ, ಅವ್ವ, ಮಗಳು. ಮಗಳು ಹಾಡುತ್ತಾಳೆ, ಅವ್ವ ತಿದ್ದುತ್ತಾಳೆ, ಕೊನೆಯ ಸಾಲಿಗೆ ಇಬ್ಬರೂ ಸೇರುತ್ತಾರೆ. ಸವಿತಾಗೆ ಮಾತ್ರ ಪುಕಪುಕ ಹೋಗಿರಲಿಲ್ಲ. "ಮಕಕ್ಕೆ ಪೌಡ್ರೂ ಇಲ್ದೆ, ಮನೇಲಿರಂಗೇ ಓದ್ರೆ ಇನ್ನೂ ಜೋರಾಗಿ ನಗಕಿಲ್ವಾ ಸಾ?" ಎಂದಳು. ನನಗೂ ಒಳಗೊಳಗೇ ಅದೇ ಹೆದರಿಕೆ. "ನಿನ್ನ ನೋಟ್‌ಬುಕ್ ನೋಡು" ಎಂದೆ. ಅವಳು ನೋಡಿ, ಉಸಿರು ಬಿಟ್ಟು, "ಆಗ್ಲಿ. ಬಾಯ್ನ ನಂಬಕಿಲ್ಲ, ಕೈನ ನಂಬ್ತೀನಿ" ಎಂದಳು.

ಅದೇ ಹಾಸನ, ಅದೇ ಸಭಾಂಗಣ. ಈ ಸಲ ಸವಿತಾಳ ಅವ್ವನೂ ಬಂದಿದ್ದರು, ಮಡಿಲಲ್ಲಿ ಎಲ್ಲರಿಗೂ ಸಾಲುವಷ್ಟು ಹುರಿದ ಕಡಲೆಕಾಯಿ ಕಟ್ಟಿಕೊಂಡು. ಅವರೊಬ್ಬರೇ ಅಲ್ಲ, ಹೊರಗೆ ಮಾರುತ್ತಿದ್ದುದರಿಂದ ಇಡೀ ಸಭಾಂಗಣದ ಕೈಯಲ್ಲಿ ಕಡಲೆಕಾಯಿಯಿತ್ತು. ಬೇರೆ ಕಾಲೇಜುಗಳ ಹಾಡು ಬಂದು ಹೋಗುವಷ್ಟು ಹೊತ್ತೂ ಸಿಪ್ಪೆ ಒಡೆಯುವ ಪಟಪಟ ಸದ್ದು ನಿಲ್ಲಲಿಲ್ಲ. ನಮ್ಮ ಸರದಿ ಬಂದಾಗ ನಾನು ಪರದೆ ನೋಡಿದೆ. ಸವಿತಾ ಪರದೆಗೆ ಬೆನ್ನು ಹಾಕಿ, ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಕುಳಿತು ಜನರ ಕೈ ನೋಡುತ್ತಿದ್ದಳು.

ಹಾಡಿನ ಮೊದಲ ಸಾಲಿಗೆ ಪಟಪಟ ತಗ್ಗಿತು. ಎರಡನೆಯದಕ್ಕೆ ಅಲ್ಲೊಂದು ಇಲ್ಲೊಂದು ಉಳಿಯಿತು. ಅವ್ವ ತಲೆ ಎತ್ತದೆ "ಅಂಗಲ್ಲ ಕಣವ್ವ, ಇಂಗೆ" ಎಂದಾಗ ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಸವಿತಾ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಆದರೆ ಇದು ಹೋದ ವರ್ಷದ ನಗುವಲ್ಲ. ಎಲ್ಲರಿಗೂ ಅವರವರ ಮನೆಯ ಅವ್ವ ನೆನಪಾದ ನಗು ಅದು, ನಕ್ಕವರೇ ಮರುಗಳಿಗೆ ಸುಮ್ಮನಾದರು. ಆ ಮೌನದೊಳಗೆ ಅವ್ವ ತಗ್ಗಿಸಿದ ಆ ಸಾಲು ಕೇಳಿತು. ಒಂದೇ ಒಂದು ಕಡಲೆಕಾಯಿ ಒಡೆದ ಸದ್ದಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗರು ತಾಳ ಹಾಕುತ್ತಿದ್ದರು.

ಮೊದಲ ಬಹುಮಾನ ನಮಗೇ ಬಂತು. ತೀರ್ಪುಗಾರರು ನಮ್ಮ ವರದಿಯನ್ನು ಓದಿ ಹೇಳಿ, ಇಷ್ಟು ಪ್ರಾಮಾಣಿಕ ಪ್ರೇಕ್ಷಕರು ನಿಮಗೆ ಎಲ್ಲಿ ಸಿಕ್ಕರು ಎಂದು ಕೇಳಿದರು. ಅಷ್ಟಕ್ಕೇ ಜನ ಬಿಡಲಿಲ್ಲ, ಹಾಡು ಹಾಡು ಎಂದು ಕೂಗಿದರು. ಸವಿತಾ ವೇದಿಕೆ ಹತ್ತಿ, "ಅವ್ವ, ಬಾ" ಎಂದು ಕರೆದಳು. ಅವರು ಮಡಿಲಿನ ಕಡಲೆಕಾಯಿಯನ್ನೆಲ್ಲ ನನ್ನ ಕೈಗೆ ಸುರಿದು ಮೇಲೆ ಹೋದರು. ಒಂದು ವರ್ಷ ಜನರ ಮುಂದೆ ಮುಚ್ಚಿಕೊಂಡಿದ್ದ ಆ ದನಿ ಅವ್ವನ ದನಿಯ ಪಕ್ಕದಲ್ಲಿ ನಿಂತು ಎದ್ದಾಗ ನನಗೆ ನಿಜಕ್ಕೂ ಗೆದ್ದಂತಾಯಿತು, ಬಹುಮಾನ ಬಂದಾಗಲೂ ಹಾಗಾಗಿರಲಿಲ್ಲ.

ಹಾಡಿ ಇಳಿದು ಬಂದ ಸವಿತಾ ನೆಟ್ಟಗೆ ನನ್ನ ಮುಂದೆ ನಿಂತಳು. "ಎಂಗಿತ್ತು ಸಾ?" ಎಂದು ಕೇಳಿದಳು.

ಮೇಷ್ಟ್ರಾದವನು ಇಂಥ ಹೊತ್ತಿಗೆ ಏನಾದರೂ ತೂಕದ ಮಾತು ಹೇಳಬೇಕು. ಹೇಳೋಣವೆಂದು ಬಾಯಿ ತೆರೆಯಹೋದೆ, ಆಗಲಿಲ್ಲ. ಕೆಳಗೆ ನೋಡಿದರೆ ನನ್ನ ಚಪ್ಪಲಿಯ ಸುತ್ತ ಕಡಲೆಬೀಜಗಳು ಬಿದ್ದಿದ್ದವು. ನಾನು ಆ ಹಾಡಿನುದ್ದಕ್ಕೂ ಬೀಜ ನೆಲಕ್ಕೆ ಹಾಕಿ, ಸಿಪ್ಪೆ ಬಾಯಿಗೆ ಹಾಕಿಕೊಂಡಿದ್ದೆ. ಸವಿತಾ ನನ್ನ ಕೈ ನೋಡಿದಳು, ನೆಲ ನೋಡಿದಳು, ಹೋದ ವರ್ಷದ ಹೊರೆಯೆಲ್ಲ ಇಳಿಯುವ ಹಾಗೆ ನಕ್ಕಳು. ಚೆನ್ನಾಗಿತ್ತು ಎಂದು ನಾನು ಅವಳಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ.