ಅರವತ್ತೊಂದನೇ ನಂಬರಿನ ಹುಡುಗ

ಹೊಸ ಡಿವಿಷನ್ನಿನ ಮೊದಲ ಪಂದ್ಯ ಶುರುವಾಗಿ ಇನ್ನೂ ಕಾಫಿ ಸಹ ಆರಿರಲಿಲ್ಲ, ಆರ್ಡೆಲ್ ಫ್ಲಾಟನ್ ಮೈಕಿನಲ್ಲಿ ಸತ್ತವನ ಹೆಸರು ಕೂಗಿಬಿಟ್ಟ.

“ಎದುರಾಳಿಯನ್ನು ಕೆಡವಿದವರು, ನಂಬರ್ ಅರವತ್ತೊಂದು, ನಮ್ಮ ವೆಂಡೆಲ್ ಟ್ವೇಟ್!”

ಆ ‘ನಮ್ಮ’ವನ್ನು ಎಂದಿನಂತೆ ಹಗ್ಗದ ಹಾಗೆ ಎಳೆದಿದ್ದ. ನಾಲ್ಕು ಕಂಬಗಳ ಮೇಲಿನ ಧ್ವನಿವರ್ಧಕಗಳು ಅದನ್ನು ನಿಷ್ಠೆಯಿಂದ ಊರಿಗೆಲ್ಲ ಹಂಚಿದವು. ಅವುಗಳಲ್ಲಿ ಒಂದರ ಬಾಯಿ ಚರ್ಚಿನ ಸಮಾಧಿಗಳ ಕಡೆಗಿತ್ತು. ಹಲಗೆ ಮೆಟ್ಟಿಲುಗಳ ಮೇಲೆ ಕೂತ ಜನ ಲೋಟವನ್ನು ತುಟಿಗಿಟ್ಟ ಹಾಗೆಯೇ ತಿರುಗಿ, ಮೇಲಿನ ಮರದ ಗೂಡಿನತ್ತ ನೋಡಿದರು. ಕೆಳಗೆ ಗೆರೆಯಂಚಿನಲ್ಲಿ, ಚೆಂಡು ನಿಂತ ಜಾಗಕ್ಕೆ ನೇರವಾಗಿ ಗುರುತಿನ ಕೋಲು ಹಿಡಿದು ನಿಂತಿದ್ದ ಸೆವರಿನ್ ಟ್ವೇಟನ ಕೈಯಿಂದ ಕೋಲು ಜಾರಿತು. ಅವನು ವೆಂಡೆಲನ ಅಪ್ಪ. ಮಗನನ್ನು ಮಣ್ಣು ಮಾಡಿ ಒಂದು ಬೇಸಿಗೆ ಕಳೆದಿತ್ತಷ್ಟೆ.

ಗೂಡಿನಲ್ಲಿ ಆರ್ಡೆಲನ ಪಕ್ಕ ದುರ್ಬೀನು ಹಿಡಿದು ಕೂತು ನಂಬರು ಹೇಳುವವನು ಅವನ ಹೆಂಡತಿಯ ತಮ್ಮ ಕ್ನೂಟ್.

“ಏನ್ ಭಾವ! ತಲೆ ನೆಟ್ಟಗಿದೆಯಾ ನಿಂಗೆ?”

“ನೀನೇ ತಾನೇ ಅರವತ್ತೊಂದು ಅಂದಿದ್ದು?”

“ನಾನಾ? ಬಾಯ್ತುಂಬ ಡೋನಟ್ ಇಟ್ಕೊಂಡು ಏನಂತ ಹೇಳ್ಲಿ? ನೋಡಿಲ್ಲಿ!” ಕ್ನೂಟ್ ಬಾಯಿ ತೆರೆದು ತೋರಿಸಿದ. ಡೋನಟ್ ಇತ್ತು.

ಅಂದರೆ ಕಂಡದ್ದು ಆರ್ಡೆಲನಿಗೇ. ಬಿದ್ದ ಹುಡುಗರ ರಾಶಿಯಿಂದ ಒಬ್ಬೊಬ್ಬರೇ ಎದ್ದುಹೋದ ಮೇಲೆ ಎಲ್ಲರಿಗಿಂತ ಅಡಿಯಿಂದ ಒಬ್ಬ ನಿಧಾನವಾಗಿ ಎದ್ದಿದ್ದ. ಮಳೆ ಬಂದು ಮೈದಾನವೆಲ್ಲ ರಾಡಿಯಾಗಿದ್ದರೂ ಅವನ ಅಂಗಿಗೆ ಕೆಸರು ಹತ್ತಿರಲಿಲ್ಲ. ಹೆಗಲಿನಿಂದ ಹಳದಿ ಪುಡಿ ಮಾತ್ರ ಉದುರುತ್ತಿತ್ತು.

ನೋರ್ಡಾಲ್ ಊರಿನಲ್ಲಿ ಹುಟ್ಟಿ ನೋರ್ಡಾಲ್ ಊರಿನಲ್ಲೇ ಬೆಳೆದ ಆರ್ಡೆಲ್, ಬ್ಯಾಂಕಿನ ಪಕ್ಕದ ಕ್ಷೌರದಂಗಡಿಯವನು. ಬ್ಯಾಂಕಿಗೂ ತನಗೂ ಕಸುಬು ಒಂದೇ, ತಾನು ತಲೆ ಬೋಳಿಸಿದರೆ ಮತ್ತೆ ಬೆಳೆಯುತ್ತದೆ ಎಂಬುದಷ್ಟೇ ವ್ಯತ್ಯಾಸ ಎಂದು ಅವನೇ ಹೇಳುತ್ತಿದ್ದ. ಮನೆಯಲ್ಲಿ ಮೈಕು ಹೆಂಡತಿ ಬೊರ್ಗ್‌ಹಿಲ್ಡಳ ಕೈಯಲ್ಲಿತ್ತು. ಊಟಕ್ಕೆ ಕೂತಾಗ ‘ಆಲೂಗಡ್ಡೆ ರೊಟ್ಟಿ ಇನ್ನೊಂದು’ ಎನ್ನಲು ಸಹ ಅವನಿಗೆ ಸಂದು ಸಿಗುತ್ತಿರಲಿಲ್ಲ. ಆದರೆ ಶರತ್ಕಾಲದ ಶನಿವಾರ ಮಧ್ಯಾಹ್ನ ಏಣಿ ಹತ್ತಿ ಆ ಗೂಡು ಸೇರಿದರೆ, ಹೊಟ್ಟೆಯ ಯಾವುದೋ ಮೂಲೆಯಿಂದ ಪಾದ್ರಿಯೇ ಅಸೂಯೆ ಪಡುವಂಥ ದನಿ ಏಳುತ್ತಿತ್ತು. ಇಪ್ಪತ್ತು ವರ್ಷದಿಂದ ಅದೇ ಅವನ ಬದುಕು. ಮಿಕ್ಕ ಆರು ದಿನ ಅದಕ್ಕಾಗಿ ಕಾಯುವುದು.

ಗಜ ಗಜಕ್ಕೂ ಗಜದಂಥ ಹುಡುಗರು ಅಡ್ಡ ಬೀಳುವ ಆಟ ಅದು, ಅಮೆರಿಕನ್ ಫುಟ್‌ಬಾಲು; ಚೆಂಡು ಹಿಡಿದು ಓಡುವವನನ್ನು ಕೆಡವುವುದೇ ಕೆಲಸ. ಇಷ್ಟು ವರ್ಷ ನೋರ್ಡಾಲ್ ಕಾಲೇಜಿನ ಹುಡುಗರು ದೊಡ್ಡ ಕಾಲೇಜುಗಳ ಕೈಯಲ್ಲಿ ಮೂಳೆ ಮುರಿಸಿಕೊಂಡು ಬರುತ್ತಿದ್ದರು. ಎಪ್ಪತ್ಮೂರರಲ್ಲಿ ಸಣ್ಣ ಕಾಲೇಜುಗಳಿಗೆಂದೇ ಹೊಸ ಡಿವಿಷನ್ ಬಂತು. ಅಲ್ಲಿ ಆಡುವುದಕ್ಕೆಂದು ಯಾರಿಗೂ ಕಾಸು ಕೊಡುವಂತಿಲ್ಲ, ಫೀಸಿನಲ್ಲಿ ಬಿಡಿಗಾಸಿನ ರಿಯಾಯಿತಿಯನ್ನೂ ತೋರಿಸುವಂತಿಲ್ಲ. “ಥರ್ಡ್ ಡಿವಿಷನ್ ಅಂತೆ. ಇಷ್ಟು ವರ್ಷ ಫೇಲಾಗ್ತಿದ್ದೋರಿಗೆ ಅದೇ ದೊಡ್ಡದು ಬಿಡಿ,” ಎಂದು ಅಂಗಡಿಯಲ್ಲಿ ನಕ್ಕಿದ್ದ ಆರ್ಡೆಲ್. ಆದರೆ ಒಂದು ವಿಷಯದಲ್ಲಿ ಅವನು ನಗುತ್ತಿರಲಿಲ್ಲ. ಈ ಹುಡುಗರಿಗೆ ಮೈಕಿನಲ್ಲಿ ಕೇಳುವ ಹೆಸರೊಂದೇ ಸಂಬಳ. ಕೆಡವಿದವನ ಹೆಸರು ಕೂಗದೆ ಮುಂದಕ್ಕೆ ಹೋಗಬಾರದು. ನೋರ್ಡಾಲಿನಲ್ಲಿ ಅದು ಚರ್ಚಿನ ಗಂಟೆಯಷ್ಟೇ ಕಟ್ಟುನಿಟ್ಟು.

ವೆಂಡೆಲ್ ಟ್ವೇಟನ ಹೆಸರನ್ನು ಅವನು ಮೂರು ವರ್ಷ ಕೂಗಿದ್ದ. ಒಳ್ಳೆಯದಕ್ಕೂ ಕೂಗಿದ್ದ, ಕೆಟ್ಟದ್ದಕ್ಕೂ. ಹುಡುಗನಿಗೆ ತಾಳ್ಮೆ ಎಂಬುದು ಇರಲಿಲ್ಲ. ಚೆಂಡು ನೆಲ ಬಿಟ್ಟು ಏಳುವ ಮುಂಚೆಯೇ ಗೆರೆ ದಾಟಿ ಹಾರುತ್ತಿದ್ದ. ಆಫ್‌ಸೈಡು, ದಂಡ ಐದು ಗಜ. ಪ್ರತಿ ಸಲವೂ ಅವನ ಅಪ್ಪನೇ ಕೋಲು ಹೊತ್ತು ಐದು ಗಜ ನಡೆಯಬೇಕು. “ಮಗ ಹಾರ್ತಾನೆ, ಅಪ್ಪ ನಡೀತಾನೆ,” ಎಂದು ಜನ ನಗುತ್ತಿದ್ದರು. ಕೋಲು ಹಿಡಿದವರು ಯಾರ ಪಕ್ಷವೂ ಅಲ್ಲ. ನಗಬಾರದು, ಚಪ್ಪಾಳೆ ತಟ್ಟಬಾರದು. ಸೆವರಿನ್ ಮುಖ ಗಂಟು ಹಾಕಿಕೊಂಡು ನಡೆಯುತ್ತಿದ್ದ, ಕಿವಿ ಮಾತ್ರ ಕೆಂಪಗಾಗುತ್ತಿತ್ತು.

ಜೂನಿನಲ್ಲಿ ಆ ಹುಡುಗ ಕಟ್ಟಿಕೊಂಡ ಕಾಳು ಸಡಿಲಿಸಲು ಮೆಕ್ಕೆಜೋಳದ ತಗಡಿನ ಕಣಜಕ್ಕೆ ಇಳಿದ. ಅಡಿಯಲ್ಲಿ ಕಾಳು ಸೆಳೆಯುವ ಯಂತ್ರ ಓಡುತ್ತಿದೆಯೋ ಇಲ್ಲವೋ ಎಂದು ಕೇಳುವಷ್ಟು ತಾಳ್ಮೆ ಅಲ್ಲಿಯೂ ಇರಲಿಲ್ಲ. ಕಾಳು ಕಾಲನ್ನು ನುಂಗಿತು, ಮೊಣಕಾಲನ್ನು ನುಂಗಿತು. ತಗಡು ಕತ್ತರಿಸಿ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾಲೇಜಿನವರು ಅರವತ್ತೊಂದನೇ ನಂಬರಿನ ಅಂಗಿಯನ್ನು ಈ ವರ್ಷ ಯಾರಿಗೂ ಕೊಟ್ಟಿರಲಿಲ್ಲ.

ಸೋಮವಾರ ಆಟೋಟಗಳ ಮುಖ್ಯಸ್ಥ ಪ್ರೊಫೆಸರ್ ಸ್ಟ್ರೋಮ್ ಅಂಗಡಿಗೆ ಬಂದು, ಕತ್ತರಿಸಲು ಕೂದಲಿಲ್ಲದಿದ್ದರೂ ಕುರ್ಚಿಯ ಮೇಲೆ ಕೂತರು.

“ಆರ್ಡೆಲ್, ಬಾಯಿ ತಪ್ಪಿತು, ಸರಿ. ಯಾರಿಗೂ ತಪ್ಪುತ್ತೆ. ಆದ್ರೆ ಇನ್ನೊಂದ್ಸಲ ಆ ಹೆಸರು ಬಂದ್ರೆ ಮೈಕು ಬೇರೆಯವರಿಗೆ ಕೊಡ್ಬೇಕಾಗುತ್ತೆ. ನನಗಾಗಿ ಹೇಳ್ತಿಲ್ಲ. ಆ ಅಪ್ಪನ ಮುಖ ನೋಡಿದ್ರಾ?”

“ನೋಡ್ದೆ ಸಾರ್.”

“ಮತ್ತೆ?”

“ಇನ್ನು ಬರಲ್ಲ ಬಿಡಿ.”

ಹೆಸರು ಬರಲಿಲ್ಲ. ಹುಡುಗ ಬಂದ.

ಊರಿನ ಸುತ್ತ ಮೆಕ್ಕೆಜೋಳದ ಕಟಾವು ಶುರುವಾಗಿ, ಮೈದಾನದಾಚೆಯ ದೊಡ್ಡ ಕಣಜದಲ್ಲಿ ಕಾಳು ಒಣಗಿಸುವ ಯಂತ್ರ ಹಗಲಿಡೀ ಗುಂಯ್ಗುಡುತ್ತಿತ್ತು. ಪಂದ್ಯದ ಮಧ್ಯೆ ಇದ್ದಕ್ಕಿದ್ದ ಹಾಗೆ ಆ ಸದ್ದು ನಿಂತರೆ ಆರ್ಡೆಲನ ಕತ್ತಿನ ಹಿಂದೆ ಕೂದಲು ನಿಮಿರುತ್ತಿತ್ತು. ಆಗ ನಮ್ಮ ಹುಡುಗರನ್ನು ಎಣಿಸಿದರೆ ಹನ್ನೊಂದರ ಜಾಗದಲ್ಲಿ ಹನ್ನೆರಡು. ಹನ್ನೆರಡನೆಯವನು ಗೆರೆಯ ಹತ್ತಿರ ಬಗ್ಗಿ, ಬೆರಳನ್ನು ನೆಲಕ್ಕೂರಿ, ಹಿಮ್ಮಡಿಯನ್ನು ಅಸಹನೆಯಿಂದ ಕುಣಿಸುತ್ತಿರುತ್ತಿದ್ದ. ಚೆಂಡು ಹಿಡಿದು ಓಡಿದ ಎದುರಾಳಿ ಬಿದ್ದೇ ಬೀಳುತ್ತಿದ್ದ.

“ಯಾರು ಕೆಡವಿದ್ದು?” ಎಂದು ಆರ್ಡೆಲ್ ಕ್ನೂಟನನ್ನು ಕೇಳುತ್ತಿದ್ದ, ಆಸೆಯಿಂದ.

“ಯಾರೂ ಇಲ್ವಲ್ಲ ಭಾವ. ತಾನೇ ಬಿದ್ದ, ಪೆದ್ದ.”

ಮೈಕು ಉಳಿಯಬೇಕಲ್ಲ! “ಕೆಡವಿದವರು, ನೋರ್ಡಾಲಿನ ಗುಂಪು,” ಎಂದು ಆರ್ಡೆಲ್ ದಾಟಿಸಿಬಿಡುತ್ತಿದ್ದ. ಆ ‘ಗುಂಪು’ ಕೇಳಿದೊಡನೆ ಕೆಳಗೆ ಸೆವರಿನ್ ತಲೆಯೆತ್ತಿ ಗೂಡಿನತ್ತ ನೋಡುತ್ತಿದ್ದ. ಬೈಗುಳದ ನೋಟವಲ್ಲ. ಬರಬೇಕಾದ ಬಸ್ಸು ಬರದೆ ಇದ್ದಾಗ ರಸ್ತೆಯ ತಿರುವನ್ನು ನೋಡುತ್ತಾರಲ್ಲ, ಹಾಗೆ. ಒಂದು ಸಲ ಕಿವಿಗೆ ಬಿದ್ದ ಹೆಸರು ಇನ್ನೊಂದು ಸಲ ಬೀಳಬಹುದೆಂದು ಆ ಮನುಷ್ಯ ಶನಿವಾರ ಶನಿವಾರ ಕಾಯುತ್ತಿದ್ದಾನೆ ಎಂದು ಆರ್ಡೆಲನಿಗೆ ಹೊಳೆದದ್ದು ಅಕ್ಟೋಬರಿನಲ್ಲಿ. ಹೊಳೆದ ಮೇಲೆ ಡೋನಟ್ ರುಚಿಸಲಿಲ್ಲ.

ಕೋಚು ಒಂದು ದಿನ ಪಂದ್ಯದ ಫಿಲ್ಮನ್ನು ಗೋಡೆಯ ಮೇಲೆ ಬಿಟ್ಟು ತೋರಿಸಿದ. ಎಣಿಸಿದರೆ ನಮ್ಮವರು ಹನ್ನೊಂದೇ. ಎದುರಾಳಿಯ ಹುಡುಗ ಬಯಲಿನಲ್ಲಿ ಒಂಟಿಯಾಗಿ ಓಡುತ್ತಾನೆ. ಆಮೇಲೆ ಎಡವುವುದಿಲ್ಲ, ಜಾರುವುದಿಲ್ಲ. ಮೊಣಕಾಲಿನ ತನಕ ಏನೋ ಹಿಡಿದುಕೊಂಡ ಹಾಗೆ ನಿಧಾನವಾಗುತ್ತಾನೆ, ಎರಡು ಕೈಯನ್ನೂ ಮೇಲಕ್ಕೆತ್ತುತ್ತಾನೆ, ಕೂತುಬಿಡುತ್ತಾನೆ. ಚೆಂಡು ಪಕ್ಕಕ್ಕೆ ಉರುಳುತ್ತದೆ.

“ನೆಲ ಮೆತ್ತಗಿರಬೇಕು,” ಎಂದ ಕೋಚು. ಫಿಲ್ಮನ್ನು ಮತ್ತೆ ಹಾಕಲಿಲ್ಲ.

ನವೆಂಬರಿನ ಕೊನೆಯ ಪಂದ್ಯ ಎಲ್ಡ್ರಿಜ್ ಕಾಲೇಜಿನ ಮೇಲೆ. ಗೆದ್ದರೆ ಹೊಸ ಡಿವಿಷನ್ನಿನ ಮೊದಲ ವರ್ಷದಲ್ಲೇ ಈ ಭಾಗದ ಪತಾಕೆ ನೋರ್ಡಾಲಿಗೆ. ಮಂಜು ಸೊಂಟದೆತ್ತರಕ್ಕೆ ನಿಂತು, ಹುಡುಗರು ಕಾಲಿಲ್ಲದವರ ಹಾಗೆ ತೇಲುತ್ತಿದ್ದರು. ಕೊನೆಯ ಗಳಿಗೆಯಲ್ಲಿ ನಾವು ಮೂರು ಅಂಕ ಮುಂದಿದ್ದೆವು. ಎಲ್ಡ್ರಿಜ್‌ನ ಓಟಗಾರ ಚೆಂಡನ್ನು ಕಂಕುಳಲ್ಲಿ ಅದುಮಿಕೊಂಡು ನಮ್ಮ ಹನ್ನೊಂದು ಜನರನ್ನೂ ಹಿಂದೆ ಹಾಕಿದ. ಮುಂದೆ ಖಾಲಿ ಮೈದಾನ.

ಕಣಜದ ಯಂತ್ರ ನಿಂತಿತು.

ಓಟಗಾರ ನಿಧಾನವಾದ. ಕೈಗಳು ಮೇಲಕ್ಕೆ ಹೋದವು. ಗೆರೆಗೆ ಒಂದು ಮಾರು ಈಚೆ, ಮಂಜಿನೊಳಗೆ, ಕೂತುಬಿಟ್ಟ. ಸಮಯ ಮುಗಿದ ಸೀಟಿ ಕೇಳಿತು. ನಾವು ಗೆದ್ದಿದ್ದೆವು, ಆದರೆ ಯಾರೂ ಕೂಗಲಿಲ್ಲ. ಅವನನ್ನು ಕೆಡವಲು ಸುತ್ತ ನರಪಿಳ್ಳೆಯೂ ಇರಲಿಲ್ಲವೆಂಬುದನ್ನು ಎಲ್ಲರೂ ನೋಡಿದ್ದರು.

ಆರ್ಡೆಲನಿಗೆ ಮಾತ್ರ ಇನ್ನೊಬ್ಬ ಎದ್ದು ನಿಂತು ಹೆಗಲು ಕೊಡವಿಕೊಳ್ಳುವುದು ಕಂಡಿತು. ಮಂಜಿನ ಮೇಲೆ ಹಳದಿ ಪುಡಿ ಉದುರಿತು.

“ಗುಂಪು ಅನ್ನು ಭಾವ,” ಕ್ನೂಟ್ ಪಿಸುಗುಟ್ಟಿದ. “ದಮ್ಮಯ್ಯ, ಗುಂಪು ಅಂದು ಮುಗಿಸ್ಬಿಡು.”

“ಗುಂಪೆಲ್ಲಿದೆಯೋ ಅಲ್ಲಿ?”

ಕೆಳಗೆ ಸೆವರಿನ್ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಖವೆತ್ತಿದ್ದ. ಆರ್ಡೆಲ್ ಮೈಕಿನ ಗುಂಡಿ ಒತ್ತಿದ. ಇಪ್ಪತ್ತು ವರ್ಷದ ಶನಿವಾರಗಳು ಹೆಬ್ಬೆರಳಿನ ಕೆಳಗೆ ತಣ್ಣಗೆ ಕೊರೆದವು.

“ಕೆಡವಿದವರು, ನಂಬರ್ ಅರವತ್ತೊಂದು. ನಮ್ಮ ವೆಂಡೆಲ್ ಟ್ವೇಟ್.”

ಹೆಸರು ನಾಲ್ಕು ಕಂಬಗಳಿಂದ ಹೊರಟು, ಕಣಜಕ್ಕೆ ತಾಗಿ, ತಡವಾಗಿ ಹಿಂದಕ್ಕೆ ಬಂತು. ಯಂತ್ರ ಮತ್ತೆ ಗುಂಯ್ ಎಂದಿತು.

ಪ್ರೊಫೆಸರ್ ಸ್ಟ್ರೋಮ್ ಏಣಿ ಹತ್ತಿ ಬಂದರು. ಬೈಯಲಿಲ್ಲ. ಮೈಕಿನ ತಂತಿಯನ್ನು ಕಳಚಿ, ಮೊಣಕೈಗೆ ಅಚ್ಚುಕಟ್ಟಾಗಿ ಸುತ್ತಿಕೊಂಡರು. “ನಾನು ಹೇಳಿದ್ದೆ, ಆರ್ಡೆಲ್.”

“ಹೇಳಿದ್ರಿ ಸಾರ್,” ಎಂದ ಆರ್ಡೆಲ್. ಆಗಲೇ ದನಿ ಮನೆಯಲ್ಲಿರುವಷ್ಟು ಸಣ್ಣದಾಗಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಸೆವರಿನ್ ಹೊರಗೆ ಕಾಯುತ್ತಿದ್ದ. ಕುರ್ಚಿಯಲ್ಲಿ ಕೂತು ಬಿಳಿ ಬಟ್ಟೆ ಕಟ್ಟಿಸಿಕೊಂಡ. ಬಾಚಣಿಗೆ ಎಳೆದಾಗ ಕೂದಲಿನಿಂದ ಹಳದಿ ಪುಡಿ ಬಿತ್ತು. ಕಟಾವಿನ ಕಾಲ, ಎಲ್ಲರ ತಲೆಯಲ್ಲೂ ಇರುತ್ತದೆ.

“ಮೈಕು ಹೋಯ್ತಂತೆ,” ಎಂದ ಸೆವರಿನ್.

“ಹೋಯ್ತು.”

“ನಾನು ಅಲ್ಲೇ ಇದ್ದೆ, ಆರ್ಡೆಲ್. ಹತ್ತು ಹೆಜ್ಜೆ ಆಚೆ. ಎಲ್ಲಾ ಶನಿವಾರನೂ ಅಲ್ಲೇ ಇದ್ದೆ. ನಂಗೊಂದ್ಸಲನೂ ಕಾಣ್ಲಿಲ್ಲ ಕಣಯ್ಯ.” ಕನ್ನಡಿಯಲ್ಲಿ ಅವನ ಕಣ್ಣು ಆರ್ಡೆಲನ ಕಣ್ಣನ್ನು ಹುಡುಕಿ ಹಿಡಿದುಕೊಂಡಿತು. “ನೀನು ಕಂಡಿದ್ದೀಯ. ಸುಳ್ಳು ಹೇಳ್ಬೇಡ, ಸಮಾಧಾನನೂ ಹೇಳ್ಬೇಡ. ಹೇಗಿದ್ದ ನನ್ ಮಗ?”

ಆರ್ಡೆಲ್ ಕತ್ತರಿಯನ್ನು ಕೆಳಗಿಟ್ಟ. ಬ್ರಷ್ಷು ತೆಗೆದುಕೊಂಡು ಸೆವರಿನನ ಕತ್ತಿನ ಮೇಲಿದ್ದ ಪುಡಿಯನ್ನು ನಿಧಾನವಾಗಿ ಗುಡಿಸಿದ.

“ಆಫ್‌ಸೈಡು,” ಎಂದ. “ಈ ಸಲನೂ ಚೆಂಡು ಏಳೋಕ್ಮುಂಚೇನೇ ಹಾರ್ಬಿಟ್ಟಿದ್ದ. ರೆಫರಿ ನೋಡ್ಲಿಲ್ಲ, ಬಚಾವು. ಇಲ್ದಿದ್ರೆ ನೀನು ಮತ್ತೆ ಐದು ಗಜ ನಡೀಬೇಕಿತ್ತು.”