ಭಾವ ರುಚಿ ನೋಡದ ಸಾರು

ಮೊನ್ನೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ವಸತಿ ಸೊಸೈಟಿಯ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ತೆಂಗಿನೆಣ್ಣೆಯಲ್ಲಿ ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂತು. ಮುಂದೆ ಹೋಗಲಾಗಲಿಲ್ಲ. ಭಾವ ತೀರಿಕೊಂಡು ವರ್ಷಗಳಾದವು...

ಅಕ್ಕನ ಗಂಡ ಅವರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಗಿದ್ದರು. ಎಚ್‌ಐವಿ ಇದೆ ಎಂದು ತಿಳಿದ ಮೇಲೆ ತಪ್ಪದೆ ಮಾತ್ರೆ ನುಂಗುತ್ತಿದ್ದರು. ಅಕ್ಕನ ರಕ್ತದಲ್ಲಿ ಏನೂ ಇರಲಿಲ್ಲ. ಆ ಮಾತ್ರೆ ಇವರನ್ನು ಉಳಿಸಿದರೆ ಸಾಕು ಎಂದುಕೊಂಡಿದ್ದೆವು.

ಆಸ್ಪತ್ರೆ ಸೇರುವ ಮುಂಚಿನ ಭಾನುವಾರವೂ ಮನೆಯಲ್ಲಿ ಅವರೇ ಸಾರು ಮಾಡಿದರು. ದೇವರ ನೈವೇದ್ಯಕ್ಕೆ ಅಡುಗೆ ಮಾಡಿ ಕಲಿತವರು. ಕುದಿಯುವ ಪಾತ್ರೆಯಿಂದ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಆವಿ ಮೂಸಿಯೇ ಉಪ್ಪು ಹಾಕುವರು. ಸಾರು ಎಂದಿನ ಹಾಗೇ ಇತ್ತು.

"ಸಾರು ಕೆಡುವವರೆಗೆ ಇವರಿಗೆ ಎಂತದೂ ಆಗ್ಲಿಕ್ಕಿಲ್ಲ" ಎಂದು ಅಕ್ಕ ನಕ್ಕಳು.

ನಾವೆಲ್ಲ ಅದನ್ನೇ ನಂಬಿದ್ದೆವು. ಊಟಕ್ಕೆ ಕುಳಿತಾಗ ಅವರು ಮಾತ್ರ ಬರೀ ಮೊಸರನ್ನ ಕಲಸಿಕೊಂಡರು...

ಮರುದಿನ ಜ್ವರ. ಬೇಲಾಪುರದ ಆಸ್ಪತ್ರೆಯಲ್ಲಿ ಧಾರವಾಡ ಕಡೆಯ ಡಾಕ್ಟರು ಬಾಯಿ ತೆರೆಸಿ ನೋಡಿದರು. ನಾಲಿಗೆಯ ತುಂಬ ಬಿಳಿ ಬೂಷ್ಟು. ರುಚಿ ಹೋಗಿ ತಿಂಗಳುಗಳೇ ಆಗಿದ್ದವಂತೆ. ಕೈಯ ಅಳತೆ ತಪ್ಪಿರಲಿಲ್ಲ, ಹಾಗಾಗಿ ನಮಗೆ ತಿಳಿಯಲೇ ಇಲ್ಲ.

ರಕ್ತವನ್ನು ಮತ್ತೆ ಪರೀಕ್ಷಿಸಿದರು. ಎಚ್‌ಐವಿಯಲ್ಲಿ ಎರಡು ಬಗೆಯಂತೆ. ಮೊದಲ ಪರೀಕ್ಷೆ ಒಂದನೇ ಬಗೆಯ ವೈರಸ್ ಎಂದಿತ್ತು. ಇದ್ದದ್ದು ಎರಡನೆಯದು.

"ಎರಡೂ ಅಣ್ಣ-ತಮ್ಮ ಇದ್ದಂಗ್ರಿ" ಎಂದರು ಡಾಕ್ಟರು. "ತಿರುಳಿನ್ಯಾಗಿನ ಪ್ರೋಟೀನ್ ಭಾಳ ಒಂದ ನಮೂನಿ. ಒಂದಕ್ಕ ಹುಟ್ಟಿದ ಆಂಟಿಬಾಡಿ ಇನ್ನೊಂದಕ್ಕೂ ಅಂಟತೈತಿ, ಅದಕ್ಕ ಮೊದಲಿನ ಪರೀಕ್ಷೆ ಮೋಸ ಹೋತು. ಹೊರಗಿನ ಕವಚ ಬ್ಯಾರೆ ಇರತೈತಿ, ಅದನ್ನ ನೋಡಬೇಕಾಗಿತ್ತು."

"ಮತ್ತೆ ಇಷ್ಟು ದಿನ ತಿಂದ ಮಾತ್ರೆ?" ಅಕ್ಕ ಕೇಳಿದಳು.

"ಅದರಾಗಿನ ಒಂದು ಔಷಧ ಈ ವೈರಸ್ಸಿಗೆ ನಾಟೂದ ಇಲ್ರಿ. ಉಳಿದವು ಅಷ್ಟ ಇದ್ರ ಅದನ್ನ ತಡಿಯಾಕ ಸಾಲೂದಿಲ್ಲ."

ಭಾವ ಹಾಸಿಗೆಯಿಂದಲೇ ಹೇಳಿದರು: "ಹಾಗಾದ್ರೆ ಪೊಲೀಸರು ಅಣ್ಣನ ಮನೆ ಕಾಯ್ತಾ ಕೂತ್ರು, ತಮ್ಮ ಹಿಂದಿನ ಬಾಗಿಲಲ್ಲಿ ಬಂದು ಅಕ್ಕಿ ಕದ್ದ. ಅಲ್ವಾ ಮಾರಾಯ್ರೇ?"

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ.

ಔಷಧ ಬದಲಾಯಿತು. ಈ ಸಲ ಸರಿಯಾದದ್ದೇ. ಆದರೆ ಅದು ಕೆಲಸ ಮಾಡುವಷ್ಟು ದಿನ ಅವರ ದೇಹ ತಾಳಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಹೋದರು...

ಈಗಿನ ಪರೀಕ್ಷೆಗಳು ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತವಂತೆ. ಇದನ್ನು ಅಕ್ಕನಿಗೆ ನಾನು ಹೇಳಿಲ್ಲ.

ಅವಳ ಮಕ್ಕಳು ಅವಳನ್ನು ಮರಾಠಿಯಲ್ಲಿ ಆಯಿ ಎನ್ನುತ್ತಾರೆ. ನಾನು ಅಕ್ಕ ಎನ್ನುತ್ತೇನೆ. ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ.